ಲೋಹಕಿಣ್ವ: ಲೋಹ ಇರುವ ಕಿಣ್ವವೋ, ಲೋಹವನ್ನು ಒಡೆಯುವ ಕಿಣ್ವವೋ?

ನಮಸ್ಕಾರ. ಹೈಸ್ಕೂಲು ಮಕ್ಕಳಿಗಾಗಿ ಕಿಣ್ವಗಳ (ಎಂಜೈಮುಗಳ) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಮೊದಲನೆಯದು ‘ಲೋಹಕಿಣ್ವ’. ಒಳಗೆ ಲೋಹದ ಅಯಾನು (ವಿದ್ಯುದಂಶ ಹೊತ್ತ ಪರಮಾಣು) ಇರುವ, ಅದಿಲ್ಲದಿದ್ದರೆ ಕೆಲಸ ಮಾಡದ ಕಿಣ್ವಕ್ಕೆ ಈ ಹೆಸರು. ಆದರೆ ಎಷ್ಟೋ ಕಿಣ್ವಗಳಿಗೆ ಹೆಸರು ಬಂದಿರುವುದು ಅವು ಯಾವುದರ ಮೇಲೆ ಕೆಲಸ ಮಾಡುತ್ತವೆ ಅನ್ನುವುದರಿಂದ. ಯೂರಿಯಾ ಒಡೆಯುವುದು ಯೂರಿಯೇಸ್, ಲಿಪಿಡ್ ಒಡೆಯುವುದು ಲೈಪೇಸ್. ಇದನ್ನು ಓದಿದ ಮಗು ಲೋಹಕಿಣ್ವ ಅಂದರೆ ಲೋಹವನ್ನು ಕರಗಿಸುವ ಕಿಣ್ವ ಅಂದುಕೊಳ್ಳುವುದು ಸಹಜ ಅಲ್ವಾ? ಯೂರಿಯೇಸನ್ನೇ ನೋಡಿ. ಅಮೆರಿಕದ ರಸಾಯನ ವಿಜ್ಞಾನಿ ಜೇಮ್ಸ್ ಸಮ್ನರ್ 1926ರಲ್ಲಿ ಅದನ್ನು ಹರಳಾಗಿಸಿದರು. ಅದರೊಳಗೆ ನಿಕ್ಕಲ್ ಇದೆ ಎಂದು ಗೊತ್ತಾದದ್ದು 1975ರಲ್ಲಿ. ಅಷ್ಟು ವರ್ಷ ಅದು ಬರೀ ಪ್ರೋಟೀನ್ ಎಂದೇ ನಂಬಿದ್ದರು. ಒಳಗಿರುವ ಲೋಹವನ್ನು ಎತ್ತಿ ತೋರಿಸುವ ಹೆಸರು ಬೇಕೇ ಬೇಕು. ‘ಲೋಹವುಳ್ಳ ಕಿಣ್ವ’ ಸ್ವಲ್ಪ ಉದ್ದ, ಆದರೆ ಅರ್ಥ ಕೆಡುವುದಿಲ್ಲ. ‘ಲೋಹಯುಕ್ತ’ ಅಂದರೆ ಮೇಲಿಂದ ಬೆರೆಸಿದ ಹಾಗೆ ಕೇಳಿಸುತ್ತದೆ.

ಎರಡನೆಯದೇ ನನಗೆ ಜಾಸ್ತಿ ಕಷ್ಟವಾಗಿರುವುದು. ‘ವೇಗವರ್ಧಕ’ (ಕ್ಯಾಟಲಿಸ್ಟ್), ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆ ಬೇಗ ನಡೆಯುವಂತೆ ಮಾಡುವ ವಸ್ತು. ನಾಮಪದವಾಗಿ ಅದು ಚೆನ್ನಾಗಿಯೇ ಇದೆ. ಅದಕ್ಕೆ ಕ್ರಿಯಾಪದ ಏನು? ‘ವೇಗವರ್ಧಿಸು’ ಎಂದು ಬರೆದರೆ ಓದುವಾಗ ತಡೆಯುತ್ತದೆ. ‘ವೇಗ ಹೆಚ್ಚಿಸು’ ಅಂದರೆ ಲೋಹ ಸುಮ್ನೆ ಹಿಂದಿನಿಂದ ದೂಡುತ್ತದೆ ಅನ್ನಿಸುತ್ತದೆ. ನಡೆಯುವುದು ಬೇರೆಯೇ.

ನಮ್ಮ ಕೆಂಪು ರಕ್ತಕಣದಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವನ್ನು ತೆಗೆದುಕೊಳ್ಳಿ. ಅದರಲ್ಲೊಂದು ಸತುವಿನ ಅಯಾನು ಇದೆ. ಪ್ರೋಟೀನಿನ ಮೂರು ಹಿಸ್ಟಿಡಿನ್‌ಗಳು (ಒಂದು ಬಗೆಯ ಅಮೈನೊ ಆಮ್ಲ) ಅದನ್ನು ಹಿಡಿದುಕೊಂಡಿವೆ. ನಾಲ್ಕನೆಯ ಕಡೆ ನೀರಿನ ಒಂದು ಅಣು ಕೂತಿರುತ್ತದೆ. ಸತುವಿನ ಧನ ವಿದ್ಯುದಂಶ ಆ ನೀರಿನ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆಯುತ್ತದೆ. ಹಾಗಾಗಿ ನೀರು ಒಂದು ಹೈಡ್ರೋಜನ್ ಅಯಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಉಳಿದ ಹೈಡ್ರಾಕ್ಸೈಡ್ ಹತ್ತಿರ ಬಂದ ಇಂಗಾಲದ ಡೈಆಕ್ಸೈಡಿಗೆ ಅಂಟಿ ಬೈಕಾರ್ಬೊನೇಟ್ ಆಗುತ್ತದೆ. ಅದು ಹೊರಟ ಜಾಗಕ್ಕೆ ಹೊಸ ನೀರು ಬರುತ್ತದೆ. ಸತು ಇದ್ದಂತೆಯೇ ಇರುತ್ತದೆ. ಹೀಗೆ ಒಂದೇ ಕಿಣ್ವದ ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಸಲ ಕೆಲಸ ಮಾಡಬಲ್ಲದು. ಸತುವನ್ನು ತೆಗೆದುಹಾಕಿ: ಪ್ರೋಟೀನಿನ ಆಕಾರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಕೆಲಸ ಮಾತ್ರ ನಿಂತುಹೋಗುತ್ತದೆ. ನನಗಂತೂ ಇದು ಬಹಳ ಸುಂದರವಾಗಿ ಕಾಣುತ್ತದೆ.

ಇಲ್ಲಿ ವೇಗ ಬರುವುದು ದಾರಿಯೇ ಸುಲಭವಾದ್ದರಿಂದ. ಅದಕ್ಕೆ ‘ನಡೆಸಿಕೊಡು’ ಎಂದು ಬರೆಯೋಣ ಅನ್ನಿಸಿದೆ. ‘ಸತು ಈ ಕ್ರಿಯೆಯನ್ನು ನಡೆಸಿಕೊಡುತ್ತದೆ.’ ಮದುವೆ ನಡೆಸಿಕೊಟ್ಟ ಪುರೋಹಿತರ ಹಾಗೆ, ಮುಂದೆ ನಿಂತು ಮಾಡಿಸಿಯೂ ತಾನು ಬದಲಾಗದೆ ಉಳಿಯುವ ಅರ್ಥ ಅದರಲ್ಲಿದೆ. ಆದರೆ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಎಂಬ ಕಿಣ್ವದಲ್ಲಿ ಕಬ್ಬಿಣ ನಡುವೆ ತಾನೇ ಎಲೆಕ್ಟ್ರಾನು ಕೊಟ್ಟು, ಕೊನೆಗೆ ವಾಪಸು ಪಡೆಯುತ್ತದೆ. ಅದಕ್ಕೂ ಈ ಪದ ಒಪ್ಪುತ್ತದೆಯೇ?

ಕನ್ನಡದಲ್ಲಿ ವಿಜ್ಞಾನ ಪಾಠ ಮಾಡುವವರು ಯಾರಾದರೂ ಇದ್ದರೆ, ತರಗತಿಯಲ್ಲಿ ಬಾಯಿಮಾತಿಗೆ ಯಾವ ಕ್ರಿಯಾಪದ ಬಳಸುತ್ತೀರಿ ಎಂದು ದಯವಿಟ್ಟು ತಿಳಿಸಿ.