ಮೊಳೆಗುದಿ, ಪೊರೆಗುದಿ ಸರಿ, ನಡುವಿನದಕ್ಕೆ ಏನನ್ನೋಣ?

ಗೆಳೆಯರೇ,

ನೀರು ಕುದಿಯುವ ಬಗೆಗಳ ಬಗ್ಗೆ ಕಾಲೇಜು ಮಕ್ಕಳಿಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಕುದಿಯ ಮೂರು ಬಗೆಗಳಿಗೆ ಕನ್ನಡ ಪದ ಬೇಕು.

ಜಪಾನಿನ ಶಿರೋ ನುಕಿಯಾಮಾ 1934ರಲ್ಲಿ ಪ್ರಕಟಿಸಿದ ಪ್ರಯೋಗ ನಿಮಗೆ ಗೊತ್ತಿರಬಹುದು. ನೀರಿನಲ್ಲಿ ಸಣ್ಣ ತಂತಿ ಮುಳುಗಿಸಿ ಕರೆಂಟ್ ಹಾಯಿಸುವುದು, ನಿಧಾನಕ್ಕೆ ಏರಿಸುತ್ತಾ ಹೋಗುವುದು. ತಂತಿಯ ಬಿಸಿ 100 ಡಿಗ್ರಿ ದಾಟಿ ಸ್ವಲ್ಪ ಮೇಲೇರಿದಾಗ ಅದರ ಮೈಮೇಲಿನ ಸಣ್ಣ ಸಣ್ಣ ಕುಳಿಗಳಿಂದ ಗುಳ್ಳೆ ಏಳುತ್ತವೆ. ಶಾಖ ಚೆನ್ನಾಗಿ ನೀರಿಗೆ ಹೋಗುತ್ತದೆ. ಒಂದು ಮಿತಿ ದಾಟಿತೋ, ಆವಿ ತಂತಿಯನ್ನು ಸುತ್ತಿಕೊಳ್ಳುತ್ತದೆ, ನೀರು ತಾಗುವುದೇ ಇಲ್ಲ. ಶಾಖ ಹೋಗಲು ದಾರಿಯಿಲ್ಲದೆ ತಂತಿ ಒಮ್ಮೆಲೇ ಕೆಂಪಗಾಗುತ್ತದೆ. ನಿಕ್ರೋಮ್ (ನಿಕಲ್-ಕ್ರೋಮಿಯಂ ಬೆರೆಕೆ) ತಂತಿ ಕರಗಿಯೇ ಹೋಯಿತು. ಪ್ಲಾಟಿನಂ ತಡೆದುಕೊಂಡಿತು.

ಕುಳಿಗಳಿಂದ ಗುಳ್ಳೆ ಏಳುವ ಮೊದಲನೆಯದು ನ್ಯೂಕ್ಲಿಯೇಟ್ ಬಾಯ್ಲಿಂಗ್. 'ಗುಳ್ಳೆಗುದಿ' ಅನ್ನೋಣವೆಂದರೆ ಆವಿಯ ಪೊರೆಯಿಂದಲೂ ಗುಳ್ಳೆ ಬಿಡುತ್ತವೆ, ಅಲ್ವಾ? ಗುಳ್ಳೆ ಒಂದೊಂದು ಜಾಗದಲ್ಲಿ ಮೊಳೆಯುವುದೇ ಇಲ್ಲಿ ಮುಖ್ಯ. ಹಾಗಾಗಿ 'ಮೊಳೆಗುದಿ'. ಮೊಳೆರೋಗ ನೆನಪಾದರೆ ನಾನು ಹೊಣೆಯಲ್ಲ! ಆವಿ ಸುತ್ತಿಕೊಂಡಿದ್ದು ಫಿಲ್ಮ್ ಬಾಯ್ಲಿಂಗ್, ಅದಕ್ಕೆ 'ಪೊರೆಗುದಿ'. 'ಒಂದು ಕುದಿ ಬರಲಿ' ಅಂತ ಅಡುಗೆಮನೆಯಲ್ಲಿ ಹೇಳುತ್ತೇವಲ್ಲ, ಆ 'ಕುದಿ'ಯೇ ಸಾಕು, 'ಕುದಿಯುವಿಕೆ' ಬೇಡ.

ತೊಡಕಿರುವುದು ನಡುವಿನ ಟ್ರಾನ್ಸಿಶನ್ ಬಾಯ್ಲಿಂಗ್‌ನಲ್ಲಿ. ಕರೆಂಟ್ ಏರಿಸುವ ಪ್ರಯೋಗದಲ್ಲಿ ಇದು ಕೈಗೆ ಸಿಗುವುದಿಲ್ಲ, ತಂತಿ ಇದನ್ನು ಹಾರಿಕೊಂಡು ಹೋಗುತ್ತದೆ. ಕರೆಂಟಿನ ಬದಲು ಕಾದ ಮೈಯ ಬಿಸಿಯನ್ನೇ ಹಿಡಿತದಲ್ಲಿಟ್ಟುಕೊಂಡು ಬದಲಿಸಿದರೆ ಕಾಣುತ್ತದೆ. ಒಂದೇ ಜಾಗವನ್ನು ಈಗ ನೀರು ತಾಗುತ್ತದೆ, ಮರುಕ್ಷಣ ಆವಿ ಮುಚ್ಚುತ್ತದೆ. ಬಿಸಿ ಏರಿಸಿದಷ್ಟೂ ಸಾಗುವ ಶಾಖ ಕಮ್ಮಿಯಾಗುತ್ತದೆ! 'ಸಂಕ್ರಮಣ ಕುದಿತ' ಅಂದರೆ ಎಳ್ಳುಬೆಲ್ಲ ಕಣ್ಮುಂದೆ ಬರುತ್ತದೆ. 'ಅರೆಪೊರೆಗುದಿ' ಹೊಳೆದಿದೆ, ಆದರೆ ಪೊರೆ ತೆಳ್ಳಗಿದೆ ಅಂತ ಓದುಗರು ತಿಳಿದಾರು. ಇಲ್ಲಿ ಪೊರೆ ಅರ್ಧ ಜಾಗದಲ್ಲಿದೆ, ಅರ್ಧ ಹೊತ್ತು ಇದೆ, ಅಷ್ಟೇ. 'ಹರಿದಪೊರೆ' ಹೇಗೆ? 'ಬಿಡಿಪೊರೆ'?

ಇನ್ನೊಂದು. ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಈ ಮೂರೂ ತಿರುಗುಮುರುಗಾಗಿ ಬರುತ್ತವೆ: ಮೊದಲು ಪೊರೆ, ಆಮೇಲೆ ಈ ನಡುವಿನದು, ಕೊನೆಗೆ ಗುಳ್ಳೆ. ಸದ್ದೂ ಬದಲಾಗುತ್ತದೆ. ಕುಲುಮೆ ಕೆಲಸ ಬಲ್ಲವರ ಬಾಯಲ್ಲಿ ಇದಕ್ಕೆ ಮಾತಿದ್ದರೆ ದಯವಿಟ್ಟು ಯಾವ ಕಡೆಯದು ಅಂತಲೂ ಸೇರಿಸಿ ಬರೆಯಿರಿ.