ಸಹಾಯ ಬೇಕು: ಹಬಲ್, ಗ್ಯಾಲೆಕ್ಸ್ ಬಾಹ್ಯಾಕಾಶ ದೂರದರ್ಶಕಗಳ ಚಿತ್ರಗಳನ್ನು ಹೊಂದಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಬಿಎಸ್ಸಿ ಕೊನೆ ವರ್ಷ ಓದುತ್ತಿದ್ದೇನೆ. ಎಂ51 ಅನ್ನುವ ಸುರುಳಿ ಗೆಲಾಕ್ಸಿಯಲ್ಲಿ ಹೊಸ ನಕ್ಷತ್ರಗಳು ಎಲ್ಲೆಲ್ಲಿ ಹುಟ್ಟುತ್ತಿವೆ ಅಂತ ನೋಡುವುದು ನನ್ನ ಪ್ರಾಜೆಕ್ಟ್.

ಹಬಲ್ ಚಿತ್ರಗಳು ಮಾಸ್ಟ್ ಅನ್ನುವ ಆನ್‌ಲೈನ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಕ್ಕವು. ಡಿಎಸ್9 ಅನ್ನುವ ಸಾಫ್ಟ್‌ವೇರ್‌ನಲ್ಲಿ ಫಿಟ್ಸ್ ಫೈಲ್ (ಖಗೋಳ ಚಿತ್ರಗಳನ್ನು ಇಡುವ ಫೈಲ್) ತೆರೆದರೆ ಪೂರ್ತಿ ಕಪ್ಪು, ನಡುವೆ ರಾಗಿ ಕಾಳಿನಷ್ಟು ಬಿಳಿ ಚುಕ್ಕೆ. ಮಂಕಾದ ಭಾಗಗಳೂ ಕಾಣಲಿ ಅಂತ ಹೊಳಪಿನ ಸ್ಕೇಲನ್ನು ಲಾಗ್‌ಗೆ ಬದಲಿಸಿದೆ. ಸುರುಳಿ ತೋಳುಗಳು ಮೆಲ್ಲಗೆ ಮೂಡಿ ಬಂದವು. ಮೈ ಜುಮ್ಮೆಂದಿತು!

ಬಿಸಿಯಾದ ಎಳೆ ನಕ್ಷತ್ರಗಳು ನೇರಳಾತೀತದಲ್ಲಿ ಜಾಸ್ತಿ ಹೊಳೆಯುತ್ತವೆ ಅಲ್ವಾ, ಅದಕ್ಕೆ ನೇರಳಾತೀತದಲ್ಲಿ ನೋಡುವ ಗ್ಯಾಲೆಕ್ಸ್‌ನ ಚಿತ್ರವನ್ನೂ ತಂದೆ. ಸಿಕ್ಕಿಕೊಂಡಿರುವುದು ಇಲ್ಲೇ. ಹಬಲ್‌ನ ಪಿಕ್ಸೆಲ್ 0.05 ಆರ್ಕ್‌ಸೆಕೆಂಡ್ (ಆಕಾಶದಲ್ಲಿ ಕೋನದ ಅಳತೆ, ಡಿಗ್ರಿಯ 3600ರಲ್ಲಿ ಒಂದು ಭಾಗ), ಗ್ಯಾಲೆಕ್ಸ್‌ನದು 1.5; ಅಂದರೆ ಗ್ಯಾಲೆಕ್ಸ್ ಚಿತ್ರದಲ್ಲಿ ವಿವರ ತುಂಬ ಕಮ್ಮಿ. ಹಬಲ್ ಚಿತ್ರವನ್ನು ಮಸುಕು ಮಾಡದೆ ಸುಮ್ನೆ ಹೋಲಿಸಿದರೆ ತಪ್ಪು ಲೆಕ್ಕ ಬರುತ್ತದೆ. ಪೈಥಾನ್‌ನಲ್ಲಿ ಇದನ್ನು ಮಾಡಿರುವವರು ಮಂಡ್ಯ, ಮೈಸೂರಲ್ಲಿ ಇದ್ದೀರಾ? ಒಂದು ಭಾನುವಾರ ಜೊತೆಗೆ ಕೂತು ತೋರಿಸಿಕೊಟ್ಟರೆ ಸಾಕು. ಲ್ಯಾಪ್‌ಟಾಪ್ ಹಿಡಿದು ನಾನೇ ಬರುತ್ತೇನೆ.