ಅಂಟಿಕೊಳ್ಳುವ ವೈರಸ್‌ಗೆ ಕತ್ತರಿಸುವ ಕಿಣ್ವ ಯಾಕೆ ಬೇಕು?

ಔಂಧ್_ಓದುಗಿ:
ಪುಣೆಯಲ್ಲಿ ಎಂಎಸ್ಸಿ ಮೈಕ್ರೋಬಯಾಲಜಿ ಓದುತ್ತಿದ್ದೇನೆ, ಊರು ಧಾರವಾಡ. ಒಂದು ವಿಷಯ ತಲೆಗೆ ಹೋಗುತ್ತಿಲ್ಲ. ಫ್ಲೂ ವೈರಸ್ ತನ್ನ ಮೈಮೇಲಿನ ಹೀಮಗ್ಲುಟಿನಿನ್ ಎಂಬ ಪ್ರೋಟೀನಿನಿಂದ ನಮ್ಮ ಜೀವಕೋಶದ ಮೇಲಿನ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯನ್ನು ಹಿಡಿದೇ ಒಳಗೆ ಹೋಗುತ್ತದೆ. ಪಕ್ಕದಲ್ಲೇ ಇರುವ ನ್ಯೂರಾಮಿನಿಡೇಸ್ ಎಂಬ ಕಿಣ್ವ ಅದನ್ನೇ ಕತ್ತರಿಸಿ ಹಾಕುತ್ತದೆ. ಇದರಿಂದ ವೈರಸ್‌ಗೆ ಏನು ಲಾಭ?

ಕೋಥ್ರೂಡ್_ರಾವ್:
ಒಳಗೆ ಹೋಗುವುದನ್ನಷ್ಟೇ ನೋಡಬೇಡ ತಂಗಿ, ಹೊರಗೆ ಬರುವುದನ್ನೂ ನೋಡು. ಹೊಸ ವೈರಸ್‌ಗಳು ಕೋಶದಿಂದ ಹೊರಬರುವಾಗ ಅಲ್ಲೂ ಸಿಯಾಲಿಕ್ ಆಮ್ಲವೇ ತುಂಬಿರುತ್ತದೆ, ಅವುಗಳ ಮೈಮೇಲಿನ ಸಕ್ಕರೆ ಸರಪಳಿಗಳಲ್ಲೂ ಇರುತ್ತದೆ, ಅದನ್ನು ಕತ್ತರಿಸದಿದ್ದರೆ ಕೋಶಕ್ಕೂ ಅಂಟಿ, ಒಂದಕ್ಕೊಂದು ಅಂಟಿ ಗುಂಪಾಗಿ ಅಲ್ಲೇ ಉಳಿಯುತ್ತವೆ. ಶ್ವಾಸನಾಳದ ಲೋಳೆಯಲ್ಲೂ ಇದೇ ಕಥೆ, ಅದನ್ನು ದಾಟಲೂ ಈ ಕಿಣ್ವ ಬೇಕು. ಹಿಡಿತ ಜಾಸ್ತಿಯಾಗಿ ಕತ್ತರಿಸುವುದು ಕಮ್ಮಿಯಾದರೆ ವೈರಸ್ ಹರಡುವುದಿಲ್ಲ. ಕತ್ತರಿಸುವುದೇ ಜಾಸ್ತಿಯಾದರೆ ಒಳಗೇ ಹೋಗಲಾರದು.

ಪ್ರೋಟೀನ್_ಪ್ರಿಯ:
ನ್ಯೂರಾಮಿನಿಡೇಸ್‌ನ ರಚನೆ ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಒಂದೇ ಥರದ ನಾಲ್ಕು ಸರಪಳಿ ಸೇರಿ ಅಣಬೆಯ ಆಕಾರ. ಒಂದೊಂದರಲ್ಲೂ ಸುಮಾರು 470 ಅಮೈನೋ ಆಮ್ಲ. ಬುಡ ವೈರಸ್‌ನ ಪೊರೆಯಲ್ಲಿ, ಆಮೇಲೆ ಕಾಂಡ, ಮೇಲೆ ತಲೆ. ಪ್ರತಿ ಸರಪಳಿಯ ತಲೆಯಲ್ಲಿ ಆರು ಎಸಳಿನ ಪ್ರೊಪೆಲರ್, ನಡುವೆ ಕತ್ತರಿಸುವ ಗುಳಿ. 1983ರಲ್ಲಿ ಆಸ್ಟ್ರೇಲಿಯಾದ ಕೋಲ್ಮನ್, ವರ್ಗೀಸ್, ಲೇವರ್ ಇದನ್ನು ತೋರಿಸಿಕೊಟ್ಟರು. ಹೊರಮೈ ವರ್ಷವರ್ಷ ಬದಲಾಗುತ್ತದೆ, ಆದರೆ ಎನ್1ರಿಂದ ಎನ್9ರವರೆಗಿನ ನ್ಯೂರಾಮಿನಿಡೇಸ್ ಬಗೆಗಳಲ್ಲಿ ಗುಳಿಯೊಳಗಿನ ಮುಖ್ಯ ಅಮೈನೋ ಆಮ್ಲಗಳು ಹೆಚ್ಚು ಕಮ್ಮಿ ಅವೇ! ಅದಕ್ಕೇ ಔಷಧಿ ಮಾಡುವವರು ಗುಳಿಯ ಬೆನ್ನು ಹತ್ತಿದ್ದು. ಝನಾಮಿವಿರ್ ಎಂಬ ಫ್ಲೂ ಔಷಧಿ ಹುಟ್ಟಿದ್ದೇ ಈ ರಚನೆಯಿಂದ.

ಔಂಧ್_ಓದುಗಿ:
ಹಾಗಾದರೆ 2009ರ ಹಂದಿಜ್ವರದಲ್ಲಿ ಪುಣೆಯಲ್ಲಿ ಕೊಟ್ಟ, ಇದೇ ಗುಳಿಯಲ್ಲಿ ಕೂರುವ ಟ್ಯಾಮಿಫ್ಲೂ ಔಷಧಿ ವೈರಸ್ಸನ್ನು ಕೊಲ್ಲುತ್ತಿರಲಿಲ್ಲ, ಅಲ್ವಾ?

ಪ್ರೋಟೀನ್_ಪ್ರಿಯ:
ಇಲ್ಲ, ಹೊಸ ವೈರಸ್ ಬಿಡಿಸಿಕೊಳ್ಳದ ಹಾಗೆ ತಡೆಯುತ್ತದೆ ಅಷ್ಟೇ. ಅದಕ್ಕೇ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಜಾಸ್ತಿ ಉಪಯೋಗ.

ಕೋಥ್ರೂಡ್_ರಾವ್:
ಒಂದು ಮಾತು ಸೇರಿಸುತ್ತೇನೆ. ಎನ್1ರಲ್ಲಿ 275ನೇ ಅಮೈನೋ ಆಮ್ಲವಾದ ಹಿಸ್ಟಿಡಿನ್ ಹೋಗಿ ಟೈರೋಸಿನ್ ಬಂದರೆ ಟ್ಯಾಮಿಫ್ಲೂ ಸರಿಯಾಗಿ ಕೂರುವುದಿಲ್ಲ. ಟೈರೋಸಿನ್ ದಪ್ಪ, ಪಕ್ಕದ ಗ್ಲುಟಮೇಟನ್ನು ಗುಳಿಯೊಳಗೆ ತಳ್ಳುತ್ತದೆ, ಔಷಧಿಗೆ ಬೇಕಾದ ಜಾಗ ಹೋಗುತ್ತದೆ. ಇಂಥ ವೈರಸ್ ಹರಡಲಾರದು ಅಂತ ತುಂಬಾ ಜನ ನಂಬಿದ್ದರು, ಆದರೆ 2007-08ರಿಂದ ಹಳೆಯ ಎಚ್1ಎನ್1ನಲ್ಲಿ ಅದೇ ಹಬ್ಬಿತು. 2009ರ ಹೊಸ ವೈರಸ್ ಮಾತ್ರ ಬಹುತೇಕ ಟ್ಯಾಮಿಫ್ಲೂಗೆ ಬಗ್ಗಿತು. ಪ್ರೋಟೀನ್ ರಚನೆಗಳ ಸಂಗ್ರಹವಾದ ಪಿಡಿಬಿಯಲ್ಲಿ 2ಎಚ್‌ಯು4 ಎಂಬ ಎನ್1 ರಚನೆ ತೆರೆದು ಆ ಹಿಸ್ಟಿಡಿನ್ ಹುಡುಕು ತಂಗಿ. ಅದಕ್ಕೆ ಅಲ್ಲಿ 274 ಅಂತ ನಂಬರ್ ಇದೆ, ಎನ್2ರ ಎಣಿಕೆ ಅದು.